ಗೋಡೆ ಸಿಗದ ಮರೀಯಾ

ಮೆಕ್ಸಿಕೊದ ಚಿತ್ರಕಲಾವಿದೆ ಎಂದರೆ ಥಟ್ಟನೆ ಹೊಳೆಯುವುದು ಒಂದೇ ಮುಖ. ಕೂಡುಹುಬ್ಬು, ಮುಡಿ ತುಂಬ ಹೂವು, ನೆಟ್ಟ ನೋಟದ ಫ್ರೀಡಾ ಕಾಲೊ. ಆ ಮುಖ ಈಗ ಕಾಫಿ ಮಗ್ಗು, ಕೈಚೀಲ, ದಿಂಬಿನ ಗವಸುಗಳ ಮೇಲೆಲ್ಲ ಬಂದು ಕೂತಿದೆ. ಫ್ರೀಡಾಳ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1938ರಲ್ಲಿ, ನ್ಯೂಯಾರ್ಕಿನಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1930ರಲ್ಲಿ, ಅದೇ ಊರಿನ ಆರ್ಟ್ ಸೆಂಟರ್‌ನಲ್ಲಿ ಇನ್ನೊಬ್ಬ ಮೆಕ್ಸಿಕನ್ ಹೆಂಗಸು ತನ್ನ ತೈಲವರ್ಣ ಚಿತ್ರಗಳನ್ನು ತೂಗುಹಾಕಿದ್ದಳು. ಅಮೆರಿಕದಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೊದಲ ಮೆಕ್ಸಿಕನ್ ಕಲಾವಿದೆ ಅವಳೇ. ಹೆಸರು ಮರೀಯಾ ಇಸ್ಕಿಯೆರ್ದೊ.

ಇಬ್ಬರೂ ಒಂದೇ ನಗರದಲ್ಲಿ, ಒಂದೇ ಕಾಲದಲ್ಲಿ ಬಾಳಿದವರು. ಫ್ರೀಡಾ 1954ರಲ್ಲಿ ಹೋದಳು, ಮರೀಯಾ ಮರುವರ್ಷ. ಹೀಗಾಗಿ ಮರೀಯಾಳನ್ನು ‘ಇನ್ನೊಬ್ಬ ಫ್ರೀಡಾ’ ಎಂದು ಪರಿಚಯಿಸುವ ರೂಢಿ ಬೆಳೆದಿದೆ. ಆ ರೂಢಿ ನನಗೆ ಹಿಡಿಸದು. ಮರೀಯಾಳ ಕಥೆಯ ತಿರುಳೇ ಬೇರೆ. ಇಡೀ ದೇಶ ಗೋಡೆಗಳ ಮೇಲೆ ಚಿತ್ರ ಬರೆಸುತ್ತಿದ್ದ ಕಾಲದಲ್ಲಿ ಅವಳಿಗೆ ಗೋಡೆ ಸಿಗಲಿಲ್ಲ. ಒಮ್ಮೆ ಸಿಕ್ಕಿತು, ಸಿಕ್ಕಿದ್ದನ್ನೂ ಕಿತ್ತುಕೊಂಡರು.

ಆ ಗೋಡೆಗಳಿಗೆ ಅಷ್ಟು ಬೆಲೆ ಯಾಕೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1910ರಲ್ಲಿ ಶುರುವಾದ ಕ್ರಾಂತಿ ಹತ್ತು ವರ್ಷ ಮೆಕ್ಸಿಕೊವನ್ನು ಅರೆದುಹಾಕಿತು. ಆಮೇಲೆ ಬಂದ ಸರ್ಕಾರಕ್ಕೆ, ಓದು ಬರಹ ಬಾರದ ಲಕ್ಷಾಂತರ ಜನರಿಗೆ ಅವರ ಚರಿತ್ರೆಯನ್ನೇ ಹೇಳಬೇಕಾಗಿತ್ತು. ಶಿಕ್ಷಣ ಸಚಿವನಾಗಿದ್ದ ಹೊಸೆ ವಾಸ್ಕೊನ್ಸೆಲೊಸ್ ಶಾಲೆ, ಕಚೇರಿ, ಸಚಿವಾಲಯಗಳ ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟ. ದಿಯೆಗೊ ರಿವೆರಾ, ಹೊಸೆ ಕ್ಲೆಮೆಂತೆ ಒರೋಸ್ಕೊ, ದಾವಿದ್ ಅಲ್ಫಾರೊ ಸಿಕೇರೊಸ್ ಅಟ್ಟಣಿಗೆ ಹತ್ತಿದರು. ಮೆಟ್ಟಿಲುಸಾಲುಗಳಲ್ಲಿ, ಮೊಗಸಾಲೆಗಳಲ್ಲಿ ರೈತರು, ಬಂದೂಕುಗಳು, ಹಳೆಯ ದೇವತೆಗಳು, ಸ್ಪೇನಿನ ದಂಡಾಳುಗಳು ಆಳೆತ್ತರಕ್ಕಿಂತ ಎತ್ತರವಾಗಿ ನಿಂತರು. ಈ ಮೂವರಿಗೆ ‘ಮೂವರು ದೊಡ್ಡವರು’ ಎಂಬ ಹೆಸರು ಬಿತ್ತು. ಗೋಡೆಗೆ ಬರೆದದ್ದು ಜನರ ಚಿತ್ರ, ಈಸೆಲ್ ಮೇಲೆ ಬರೆದದ್ದು ಸಿರಿವಂತರ ಗೋಡೆಗೆ ತೂಗುವ ಪದಾರ್ಥ ಎಂಬ ತತ್ತ್ವವನ್ನೂ ಅವರೇ ಕಟ್ಟಿದರು. ಯಾರಿಗೆ ಯಾವ ಗೋಡೆ ಎಂಬುದು ಬಣ್ಣದ ಮಾತಾಗಿ ಉಳಿಯಲಿಲ್ಲ. ಅದರಲ್ಲಿ ಹಣವಿತ್ತು, ಸರ್ಕಾರದ ಕೃಪೆಯಿತ್ತು, ಪಕ್ಷ ರಾಜಕಾರಣವಿತ್ತು.

ಮರೀಯಾ ಹುಟ್ಟಿದ್ದು 1902ರಲ್ಲಿ, ಹಲಿಸ್ಕೊ ಪ್ರಾಂತದ ಸಾನ್ ಹುವಾನ್ ದೆ ಲೊಸ್ ಲಾಗೊಸ್ ಎಂಬ ಯಾತ್ರಾಸ್ಥಳದಲ್ಲಿ. ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ನಡೆದುಕೊಂಡೇ ಬಂದು ಸೇರುವ ಜಾತ್ರೆಯ ಊರದು. ಅಲ್ಲಿನ ಗುಡಿಯಲ್ಲಿರುವ ಪುಟ್ಟ ಮೇರಿ ಮಾತೆಯ ಮೂರ್ತಿಯ ಹಿಂದೆ 1623ರ ಒಂದು ಐತಿಹ್ಯವಿದೆ. ದೊಂಬರಾಟದ ಕುಟುಂಬವೊಂದು ಊರಿಂದೂರಿಗೆ ಹೋಗುತ್ತ ಇಲ್ಲಿ ತಂಗಿತ್ತಂತೆ. ನೆಲದಲ್ಲಿ ನೆಟ್ಟ ಕತ್ತಿಗಳ ಮೇಲೆ ಕಸರತ್ತು ಮಾಡುತ್ತಿದ್ದ ಹುಡುಗಿ ಜಾರಿ ಬಿದ್ದು ಸತ್ತಳು. ಗುಡಿ ನೋಡಿಕೊಳ್ಳುತ್ತಿದ್ದ ಮುದುಕಿ ಮೂರ್ತಿಯನ್ನು ತಂದು ಹುಡುಗಿಯ ಎದೆಯ ಮೇಲಿಟ್ಟಳು. ಹುಡುಗಿ ಎದ್ದು ಕೂತಳು. ಹಾಗಾಗಿ ಈ ಊರಿನ ಮಟ್ಟಿಗೆ ಸರ್ಕಸ್ಸೂ ದೇವರೂ ಬೇರೆ ಬೇರೆ ಅಂಗಳದವಲ್ಲ. ಜಾತ್ರೆಗೆ ಡೇರೆ ಹಾಕುವ ಸರ್ಕಸ್ ಕಂಪನಿಗಳನ್ನು ಮರೀಯಾ ಕೂಸಾಗಿದ್ದಾಗಿನಿಂದ ಕಂಡವಳು. ಮುಂದೆ ಅವಳು ಬಿಡದೆ ಬರೆದದ್ದು ಈ ಎರಡನ್ನೇ. ಕುದುರೆಯ ಬೆನ್ನ ಮೇಲೆ ನಿಂತ ಹುಡುಗಿಯರು ಒಂದು ಕಡೆ, ಮನೆಯ ಮೂಲೆಯ ದೇವರ ಪೀಠ ಇನ್ನೊಂದು ಕಡೆ.

ತಂದೆ ಬೇಗ ತೀರಿಕೊಂಡ. ಅಜ್ಜ, ಅಜ್ಜಿ, ತಾಯಿ ಎಂದು ಒಂದೊಂದು ಮನೆಯಲ್ಲಿ, ಒಂದೊಂದು ಊರಿನಲ್ಲಿ ಬೆಳೆದಳು. ಹದಿನಾಲ್ಕಕ್ಕೆ ಮನೆಯವರೇ ಗೊತ್ತುಮಾಡಿ ಸೇನಾಧಿಕಾರಿಯೊಬ್ಬನಿಗೆ ಮದುವೆ ಮಾಡಿಕೊಟ್ಟರು. ಇಪ್ಪತ್ತು ದಾಟುವ ಹೊತ್ತಿಗೆ ಮಡಿಲಲ್ಲಿ ಮೂರು ಮಕ್ಕಳು. 1923ರಲ್ಲಿ ಸಂಸಾರ ಮೆಕ್ಸಿಕೊ ನಗರಕ್ಕೆ ಬಂತು. ಅಲ್ಲಿ ಕೆಲ ವರ್ಷಗಳಲ್ಲಿ ಗಂಡನನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬೇರೆ ನಿಂತಳು. 1928ರಲ್ಲಿ, ಇಪ್ಪತ್ತೈದರ ವಯಸ್ಸಿಗೆ ಮೂರು ಮಕ್ಕಳ ತಾಯಿಯಾಗಿದ್ದವಳು, ರಾಷ್ಟ್ರೀಯ ಲಲಿತಕಲಾ ಶಾಲೆ ಸೇರಿದಳು. ಸಾನ್ ಕಾರ್ಲೊಸ್ ಅಕಾಡೆಮಿ ಎಂದು ಹಳಬರು ಕರೆಯುತ್ತಿದ್ದ ಶಾಲೆ ಅದು. ಅಲ್ಲಿನ ಹಿರಿಯ ಗುರು ಹೆರ್ಮಾನ್ ಗೆದೊವಿಯುಸ್ ಅವಳ ಪಾಡು ಕಂಡು ಮನೆಯಲ್ಲೇ ಬರೆದು ತರಲು ಒಪ್ಪಿದ.

1929ರಲ್ಲಿ ಆ ಶಾಲೆಗೆ ನಿರ್ದೇಶಕನಾಗಿ ಬಂದವನು ದಿಯೆಗೊ ರಿವೆರಾ. ವಿದ್ಯಾರ್ಥಿಗಳ ಪ್ರದರ್ಶನ ನೋಡುತ್ತ ನಡೆದವನು ಸಾಲು ಸಾಲು ಚಿತ್ರಗಳಿಗೆ ಮೂಗು ಮುರಿದು, ಮರೀಯಾಳ ಚಿತ್ರಗಳ ಮುಂದೆ ನಿಂತ. ಇಲ್ಲಿ ಲೆಕ್ಕಕ್ಕೆ ಬರುವುದು ಇವಷ್ಟೇ ಎಂದ. ದೊಡ್ಡವನೊಬ್ಬ ಎಲ್ಲರೆದುರು ಬೆನ್ನು ತಟ್ಟಿದರೆ ಏನಾಗುತ್ತದೋ ಅದೇ ಆಯಿತು. ಉಳಿದ ವಿದ್ಯಾರ್ಥಿಗಳು ದಂಗೆ ಎದ್ದರು. ಅವಳ ಮೇಲೆ ನೀರೆರಚಿದರು, ಕಸ ತೂರಿದರು. ಹೆಣ್ಣಾಗಿ ಹುಟ್ಟುವುದೇ ಆಗ ತಪ್ಪಾಗಿತ್ತು, ಅದರ ಮೇಲೆ ಪ್ರತಿಭೆಯೂ ಇದ್ದುಬಿಟ್ಟರೆ ಇನ್ನೂ ದೊಡ್ಡ ತಪ್ಪು ಎಂಬರ್ಥದ ಮಾತನ್ನು ಅವಳು ಮುಂದೆ ಈ ದಿನಗಳನ್ನು ನೆನೆದು ಆಡಿದ್ದಾಳೆ. ಶಾಲೆ ಬಿಟ್ಟಳು. ಅದೇ ವರ್ಷದ ಕೊನೆಗೆ ನಗರದಲ್ಲಿ ಅವಳ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದಕ್ಕೆ ಪರಿಚಯದ ಮಾತು ಬರೆದವನೂ ರಿವೆರಾನೇ. ಇದನ್ನು ನೆನಪಿಟ್ಟುಕೊಂಡಿರಬೇಕು. ಹದಿನಾರು ವರ್ಷದ ನಂತರ ಇದೇ ಹೆಸರು ಮತ್ತೆ ಬರುತ್ತದೆ.

ರಿವೆರಾನ ಹೊಗಳಿಕೆ ಬಾಗಿಲು ತೆರೆಯಿತು ನಿಜ. ಆದರೆ ಮರೀಯಾ ಆ ಬಾಗಿಲಿನಿಂದ ಒಳಗೆ ಹೋಗಿ ಭಿತ್ತಿಚಿತ್ರಕಾರರ ಬಳಗ ಸೇರಲಿಲ್ಲ. ಅವಳು ಜೊತೆಯಾದದ್ದು ಒವಹಾಕಾ ಪ್ರಾಂತದಿಂದ ಬಂದ ರುಫೀನೊ ತಮಾಯೊ ಎಂಬ ಕಲಾವಿದನಿಗೆ. ಗೋಡೆಯ ಮೇಲಿನ ಭಾಷಣ ಅವನಿಗೆ ಒಗ್ಗುತ್ತಿರಲಿಲ್ಲ. ಬಣ್ಣವು ಬಣ್ಣದ ಕೆಲಸ ಮಾಡಬೇಕು, ಘೋಷಣೆಯ ಕೆಲಸವನ್ನಲ್ಲ ಎನ್ನುವ ಜಾಯಮಾನ. ಇಬ್ಬರೂ ಹಳೇ ನಗರದ ಸೊಲೆದಾದ್ ಬೀದಿಯಲ್ಲಿ ಒಂದೇ ಸ್ಟುಡಿಯೊದಲ್ಲಿ ನಾಲ್ಕು ವರ್ಷ ಕೂಡಿ ಬರೆದರು. ಮಣ್ಣಿನ ಕುದುರೆ, ಆಟಿಕೆ, ಹಣ್ಣು, ಕಂಬ, ಬೊಂಬೆಗಳು ಇಬ್ಬರ ಚಿತ್ರಗಳಲ್ಲೂ ಓಡಾಡುತ್ತವೆ. ಮರೀಯಾ ತಮಾಯೊನಿಂದ ಕಲಿತಳು ಎಂದು ಬರೆದವರು ಬಹಳ. ತಮಾಯೊ ಮರೀಯಾಳಿಂದ ಕಲಿತ ಎಂದು ಬರೆದವರು ಕಡಿಮೆ. ಒಂದೇ ಮೇಜಿನ ಎರಡು ಕಡೆ ಕೂತು ಬರೆದವರ ನಡುವೆ ಕಲಿಕೆ ಒಂದೇ ದಿಕ್ಕಿಗೆ ಹರಿಯಿತು ಎನ್ನುವುದನ್ನು ನಾನಂತೂ ನಂಬಲಾರೆ. 1933ರಲ್ಲಿ ಈ ಜೊತೆ ಮುರಿಯಿತು. ಮರುವರ್ಷ ತಮಾಯೊ ಬೇರೊಬ್ಬಳನ್ನು ಮದುವೆಯಾದ.

ಆಮೇಲಿನ ಮೂರು ನಾಲ್ಕು ವರ್ಷಗಳ ಜಲವರ್ಣಗಳನ್ನು ನೋಡಿದವರಿಗೆ ಮರೀಯಾ ಬರೀ ಹೂವು, ಹಣ್ಣು, ಗೊಂಬೆಗಳ ಚಿತ್ರಕಾರ್ತಿ ಎನ್ನಲು ಬಾಯಿ ಬಾರದು. ಬಣ್ಣ ಇಟ್ಟಿಗೆಗೆಂಪು, ಕಂದು, ಬೂದಿ. ಬರಡು ನೆಲ. ಮೇಲೆ ಚಂದ್ರ, ಕೆಲವೊಮ್ಮೆ ಸೂರ್ಯ, ಕೆಲವೊಮ್ಮೆ ಎರಡೂ. ಅಲ್ಲಿ ಬೆತ್ತಲೆ ಹೆಂಗಸರು ಕೂದಲು ಇಳಿಬಿಟ್ಟು ಮಂಡಿಯೂರಿದ್ದಾರೆ, ಅಳುತ್ತಿದ್ದಾರೆ. 1936ರ ‘ಸೆರೆಯಾಳು ಹೆಂಗಸರು’ ಚಿತ್ರದಲ್ಲಿ ಅವರನ್ನು ಕಂಬಗಳಿಗೆ ಕಟ್ಟಿಹಾಕಲಾಗಿದೆ. ಕಟ್ಟಿದವರು ಯಾರೆಂದು ಚಿತ್ರ ತೋರಿಸುವುದಿಲ್ಲ. ಅದೇ ವರ್ಷದ ಇನ್ನೊಂದರ ಹೆಸರು ‘ದುಡಿಮೆಯ ರೂಪಕ’. ಆಗಿನ ಮೆಕ್ಸಿಕೊದಲ್ಲಿ ದುಡಿಮೆ ಎಂದರೆ ಗೋಡೆಗಳ ಮೇಲೆ ಸುತ್ತಿಗೆ ಹಿಡಿದು ಎದೆಯುಬ್ಬಿಸಿ ನಿಂತ ಕಾರ್ಮಿಕ. ಮರೀಯಾಳ ಚಿತ್ರದಲ್ಲಿ ಇರುವುದು ಆಕಾಶದಿಂದ ಇಳಿದಂತಿರುವ ದೈತ್ಯ ಗಂಡಸಿನ ಎರಡು ಕಾಲು. ಅವುಗಳ ಬಳಿ ಮುಖ ಮುಚ್ಚಿಕೊಂಡು ಮುದುಡಿದ ಪುಟ್ಟ ಹೆಂಗಸು. ಎಡಪಂಥೀಯ ಲೇಖಕ ಕಲಾವಿದರ ಸಂಘದಲ್ಲಿದ್ದುಕೊಂಡು, ಕ್ರಾಂತಿಕಾರಿ ಪೋಸ್ಟರ್ ಬರೆಯುವ ಹೆಂಗಸರನ್ನು ಒಟ್ಟುಗೂಡಿಸುತ್ತಿದ್ದುಕೊಂಡು, ಆ ಹೊತ್ತಿನಲ್ಲೇ ಇಂಥದ್ದನ್ನು ಬರೆದಳು. ಪೋಸ್ಟರಿನಲ್ಲಿ ಹೇಳಲಾಗದ್ದನ್ನು ಅಂಗೈಯಗಲದ ಕಾಗದದಲ್ಲಿ ಇಳಿಸಿಟ್ಟಳು ಎಂದು ನನ್ನ ಓದು.

ಈ ಜಲವರ್ಣಗಳಿಗೆ ಮರುಳಾದವನು ಫ್ರೆಂಚ್ ಕವಿ, ರಂಗಚಿಂತಕ ಆಂತೊನಿನ್ ಆರ್ತೊ. 1936ರಲ್ಲಿ ಮೆಕ್ಸಿಕೊಗೆ ಬಂದಿಳಿದಾಗ ಅವನ ಕೈಯಲ್ಲಿ ಕಾಸಿರಲಿಲ್ಲ, ಮೈಯಲ್ಲಿ ಅಫೀಮಿನ ಚಟವಿತ್ತು. ಯುರೋಪ್ ಕೊಳೆತುಹೋಗಿದೆ, ಮೆಕ್ಸಿಕೊದ ಮೂಲನಿವಾಸಿಗಳ ರಕ್ತದಲ್ಲಿ ಇನ್ನೂ ಉಸಿರಾಡುತ್ತಿರುವ ಆದಿಮ ಚೈತನ್ಯವನ್ನು ಹುಡುಕಬೇಕು ಎಂಬ ಹಂಬಲ ಹೊತ್ತು ಬಂದಿದ್ದ. ಮರೀಯಾಳ ಮನೆಯಲ್ಲಿ ಆಸರೆ ಪಡೆದ. ಅವಳ ಚಿತ್ರಗಳ ಮೇಲೆ ಬರೆದ. ಹೋಗುವಾಗ ಒಂದಷ್ಟು ಜಲವರ್ಣಗಳನ್ನು ಕಟ್ಟಿಕೊಂಡು ಹೋಗಿ 1937ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವನ್ನೂ ಏರ್ಪಡಿಸಿದ. ಸಹಾಯವೇನೋ ದೊಡ್ಡದೇ. ಆದರೆ ಆರ್ತೊ ತಾನು ಹುಡುಕಲು ಬಂದದ್ದನ್ನೇ ಅವಳಲ್ಲಿ ಕಂಡ. ಕಂದು ಮೈಬಣ್ಣದ ಈ ಹೆಂಗಸಿನ ಕುಂಚದಲ್ಲಿ ನೇರವಾಗಿ ಮೂಲನಿವಾಸಿಗಳ ಪುರಾತನ ಆತ್ಮ ಹರಿಯುತ್ತದೆ ಎಂದ. ಅವಳು ಅಕಾಡೆಮಿಯಲ್ಲಿ ಕಲಿತಿದ್ದು, ಯುರೋಪಿನ ಹೊಸ ಚಿತ್ರಗಳನ್ನು ನಿಯತಕಾಲಿಕಗಳಲ್ಲಿ ತಿರುವಿಹಾಕಿದ್ದು, ಹಳ್ಳಿಗಾಡಿನ ಹರಕೆಯ ಫಲಕಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಅಭ್ಯಾಸ ಮಾಡಿದ್ದು, ಇದಾವುದೂ ಆ ಮಾತಿನಲ್ಲಿಲ್ಲ. ಹೊರಗಿನಿಂದ ಬಂದವರು ಆದಿಮ, ಮುಗ್ಧ ಎಂದು ಹೊಗಳಿದಾಗ ಕಲಾವಿದರ ಕಸುಬು ಅದರಡಿ ಮುಚ್ಚಿಹೋಗುತ್ತದೆ. ಭಾರತದಲ್ಲಿ ನಮಗೂ ಇದರ ಅನುಭವ ಚೆನ್ನಾಗಿಯೇ ಇದೆ.

ಆ ಕಾಲದ ಮರೀಯಾಳ ಮನೆ ಗೆಳೆಯರ ತಂಗುದಾಣ. ಗಂಡನಿಂದ ಬೇರೆಯಾದ ಛಾಯಾಗ್ರಾಹಕಿ ಲೋಲಾ ಆಲ್ವಾರೆಸ್ ಬ್ರಾವೊ ಬಂದು ಜೊತೆಗಿದ್ದಳು. ಮರೀಯಾಳ ಒಳ್ಳೆಯ ಫೋಟೊಗಳಲ್ಲಿ ಹಲವು ಅವಳು ತೆಗೆದವೇ. ಹೆಣೆದ ಜಡೆಯಲ್ಲಿ ಬಣ್ಣದ ಪಟ್ಟಿ, ಭಾರವಾದ ಓಲೆ, ತುಟಿಗೆ ಗಾಢ ಕೆಂಪು. ಸಂಜೆ ಹೊತ್ತು ಕೆಫೆ ಪಾರೀಸ್ ಎಂಬಲ್ಲಿ ಸೇರುತ್ತಿದ್ದ ಲೇಖಕರ ಗುಂಪಿನಲ್ಲಿ ಇವಳನ್ನು ಕಂಡ ಎಳೆಯರಲ್ಲಿ ಒಕ್ಟಾವಿಯೊ ಪಾಸ್ ಒಬ್ಬ. ಮುಂದೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಪಾಸ್ ಇವನೇ. ಅವಳು ಸತ್ತು ಮೂವತ್ತು ವರ್ಷದ ಮೇಲೆ, 1988ರಲ್ಲಿ, ಅವಳ ಬಗ್ಗೆ ಅಕ್ಕರೆಯಿಂದ ಮಾತನಾಡಿದ್ದಾನೆ.

ಸರ್ಕಸ್ಸಿನ ಚಿತ್ರಗಳು ಹುಟ್ಟಿದ್ದು ಇದೇ ವರ್ಷಗಳಲ್ಲಿ. ಕುದುರೆಯ ಬೆನ್ನಿನ ಮೇಲೆ ಒಂಟಿಗಾಲಲ್ಲಿ ನಿಂತವಳು, ಕೊಡೆ ಹಿಡಿದು ಹಗ್ಗದ ಮೇಲೆ ನಡೆಯುವವಳು, ಆನೆ, ಸಿಂಹ, ಕೋಡಂಗಿ. ಯುರೋಪಿನ ಚಿತ್ರಕಾರರು ಸರ್ಕಸ್ ಬರೆದಾಗ ಬೆಳಕು, ಗದ್ದಲ, ಪ್ರೇಕ್ಷಕರ ಮುಖಗಳು ತುಂಬಿ ತುಳುಕುತ್ತವೆ. ಮರೀಯಾಳ ಹೆಚ್ಚಿನ ಚಿತ್ರಗಳಲ್ಲಿ ಪ್ರೇಕ್ಷಕರೇ ಇಲ್ಲ. ಕಣದ ಸುತ್ತ ಹಲಗೆಯ ಬೇಲಿ, ಹಿಂದೆ ಡೇರೆಯ ಬಟ್ಟೆ, ಅಷ್ಟೇ. ಹುಡುಗಿ ನಗುತ್ತಿಲ್ಲ. ಅವಳ ಗಮನವೆಲ್ಲ ಪಾದದಡಿಯ ಕುದುರೆಯ ಮೇಲೆ. ಯಾರನ್ನೂ ಮೆಚ್ಚಿಸಬೇಕಾಗಿಲ್ಲದ ಹೊತ್ತಿನಲ್ಲಿ ಹೆಂಗಸೊಬ್ಬಳು ತನ್ನ ಕೆಲಸದಲ್ಲಿ ಮುಳುಗಿರುವ ಚಿತ್ರಗಳವು.

1940ರ ದಶಕದ ಹೊತ್ತಿಗೆ ಬಣ್ಣ ಗಟ್ಟಿಯಾಗುತ್ತದೆ, ರೇಖೆ ಬಿಗಿಯಾಗುತ್ತದೆ. 1940ರ ‘ನನ್ನ ಸೋದರ ಸೊಸೆಯರು’ ಚಿತ್ರದಲ್ಲಿ ಒತ್ತೊತ್ತಾದ ಎಲೆಗಳ ಮುಂದೆ ಹೆಣ್ಣುಮಕ್ಕಳು ಊರಿನ ಫೋಟೊ ಸ್ಟುಡಿಯೊದಲ್ಲಿ ನಿಂತಷ್ಟು ಬಿಗಿಯಾಗಿದ್ದಾರೆ. ಆ ಬಿಗಿತವನ್ನು ಅವಳು ಬೇಕೆಂದೇ ಉಳಿಸಿಕೊಂಡಿದ್ದಾಳೆ. ಸುತ್ತಾಡುವ ಚಿತ್ರಕಾರರು ಹಳ್ಳಿ ಮನೆಗಳಿಗೆ ಬರೆದುಕೊಡುತ್ತಿದ್ದ ಹತ್ತೊಂಬತ್ತನೇ ಶತಮಾನದ ಭಾವಚಿತ್ರಗಳ ಠೀವಿ ಅದು.

ಇದೇ ದಶಕದ ಅವಳ ದೇವರ ಪೀಠದ ಚಿತ್ರಗಳನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಗುಡ್ ಫ್ರೈಡೆಗೆ ಒಂದು ವಾರ ಮೊದಲ ಶುಕ್ರವಾರ ಮೆಕ್ಸಿಕೊದ ಮನೆಗಳಲ್ಲಿ ದುಃಖಮಾತೆಯ ಪೀಠ ಕಟ್ಟುತ್ತಾರೆ. ಮೇಲೆ ಕಣ್ಣೀರಿಡುವ ಮೇರಿಯ ಪಟ, ಸುತ್ತ ನೇರಳೆ ಬಟ್ಟೆ, ಕತ್ತರಿಸಿ ಜಾಲರಿ ಮಾಡಿದ ಕಾಗದ. ಮೆಟ್ಟಿಲುಗಳ ಮೇಲೆ ಮೇಣದ ಬತ್ತಿ, ಚಿನ್ನದ ಕಾಗದದ ಪುಟ್ಟ ಬಾವುಟ ಚುಚ್ಚಿದ ಕಿತ್ತಳೆ, ಮಾತೆಯ ಕಣ್ಣೀರೆಂದು ಗಾಜಿನ ಪಾತ್ರೆಯಲ್ಲಿ ಬಣ್ಣದ ನೀರು. ಜೊತೆಗೆ ಕತ್ತಲ ಕೋಣೆಯಲ್ಲಿಟ್ಟು ಮೊಳೆಯಿಸಿದ ಗೋಧಿ, ಬಿಸಿಲು ಕಾಣದ್ದರಿಂದ ಹಸಿರಾಗದೆ ನಸುಹಳದಿಯಾಗಿಯೇ ಎದ್ದ ಪೈರು. ನವರಾತ್ರಿಗೆ ಘಟ ಹಾಕುವ ಉತ್ತರ ಕರ್ನಾಟಕದ ಮನೆಗಳವರಿಗೆ ಈ ಪೈರಿನ ಬಣ್ಣ ಹೇಳಿಕೊಡಬೇಕಾಗಿಲ್ಲ. ಸಂಜೆ ಬೀದಿಯ ಮಕ್ಕಳು ಬಾಗಿಲಿಗೆ ಬಂದು ಮಾತೆ ಅತ್ತಳೇ ಎಂದು ಕೇಳುವುದು, ಮನೆಯವರು ಹೌದೆಂದು ಹಣ್ಣಿನ ಪಾನಕವನ್ನು ಲೋಟಗಳಿಗೆ ಸುರಿಯುವುದು ಕೆಲವು ಪ್ರಾಂತಗಳ ವಾಡಿಕೆ.

ಮರೀಯಾ ಇದನ್ನೆಲ್ಲ ಒಂದೊಂದಾಗಿ ಬರೆಯುತ್ತಾಳೆ. ಕಿತ್ತಳೆಯ ಸಿಪ್ಪೆಯ ಒರಟು, ಬಾವುಟದ ಕಡ್ಡಿ, ಮಣ್ಣಿನ ಕುಡಿಕೆಯ ಮೆರುಗು, ಪರದೆಯ ನಿರಿಗೆ. ಇದು ನಿರಾಳವಾದ ವಿಷಯವೇನೂ ಆಗಿರಲಿಲ್ಲ. 1926ರಿಂದ 1929ರವರೆಗೆ ಸರ್ಕಾರಕ್ಕೂ ಚರ್ಚಿಗೂ ನಡುವೆ ರಕ್ತ ಹರಿದಿತ್ತು. ಕ್ರಿಸ್ತೇರೊ ಯುದ್ಧ ಎಂದು ಹೆಸರಾದ ಆ ಕಾದಾಟದ ನಡುಮಧ್ಯ ಇದ್ದದ್ದು ಅವಳ ಹುಟ್ಟೂರಿನ ಸೀಮೆಯೇ. ಕ್ರಾಂತಿಯ ಕಲೆಯಲ್ಲಿ ಪಾದ್ರಿ ಎಂದರೆ ಹೊಟ್ಟೆಬಾಕ, ಭಕ್ತಿ ಎಂದರೆ ಮೌಢ್ಯ. ಎಡಪಂಥೀಯ ಗೆಳೆಯರ ನಡುವೆ ಓಡಾಡಿಕೊಂಡಿದ್ದ ಮರೀಯಾ ಚರ್ಚನ್ನು ಬರೆಯಲಿಲ್ಲ, ಪಾದ್ರಿಯನ್ನೂ ಬರೆಯಲಿಲ್ಲ. ಮನೆಯ ಹೆಂಗಸರು ಕೈಯಾರೆ ಕಟ್ಟಿ, ವಾರದ ಮೇಲೆ ಬಿಚ್ಚಿಡುವ ಪೀಠವನ್ನು ಬರೆದಳು.

ಪಕ್ಕದಲ್ಲೇ ಬರುವುದು ಗೋಡೆಗೂಡಿನ ಚಿತ್ರಗಳು. ಗೋಡೆಯೊಳಗೆ ಕೊರೆದ ಕಪಾಟು, ಪಕ್ಕಕ್ಕೆ ಸರಿಸಿದ ಪರದೆ, ಹಲಗೆಗಳ ಮೇಲೆ ಸಕ್ಕರೆಪಾಕದಲ್ಲಿ ಅದ್ದಿ ಒಣಗಿಸಿದ ಹಣ್ಣು, ಮಣ್ಣಿನ ಗೊಂಬೆ, ಆಟಿಕೆ ಕುದುರೆ. ಇನ್ನೊಂದು ಬಗೆಯಲ್ಲಿ ಸಾಮಾನುಗಳು ಮನೆಯಿಂದಲೇ ಹೊರಬಿದ್ದಿರುತ್ತವೆ. 1946ರ ಒಂದು ಚಿತ್ರದಲ್ಲಿ ಕೆಂಪು ಸಮುದ್ರಮೀನು, ಹಣ್ಣು ತರಕಾರಿ ಬಯಲಿನ ಅಂಚಿನಲ್ಲಿ ದೊಡ್ಡದಾಗಿ ಕೂತಿವೆ, ಹಿಂದೆ ದಿಗಂತದವರೆಗೆ ಖಾಲಿ ನೆಲ. ಅಡುಗೆಮನೆಯ ಸಾಮಾನನ್ನು ಈ ಪಾಳುಬಯಲಿಗೆ ತಂದು ಯಾರು ಇಟ್ಟರು ಎಂದು ದಿಗಿಲಾಗುತ್ತದೆ.

ಈಗ ಆ ಗೋಡೆಯ ವಿಷಯಕ್ಕೆ ಬರಬೇಕು.

1945ರಲ್ಲಿ ಮೆಕ್ಸಿಕೊ ನಗರಾಡಳಿತದ ಮುಖ್ಯಸ್ಥನಾಗಿದ್ದವನು ಹಾವಿಯೆರ್ ರೋಹೊ ಗೋಮೆಸ್. ಆಡಳಿತ ಭವನದ ಮೆಟ್ಟಿಲಸಾಲಿನ ಗೋಡೆಗಳಿಗೆ ಭಿತ್ತಿಚಿತ್ರ ಬರೆಯುವ ಕೆಲಸವನ್ನು ಅವನು ಮರೀಯಾಳಿಗೆ ಒಪ್ಪಿಸಿದ. ಕರಾರಿಗೆ ಸಹಿ ಬಿತ್ತು. ನಗರದ ನಟ್ಟನಡುವಿನ ಸರ್ಕಾರಿ ಭವನ, ನಗರದ ಚರಿತ್ರೆ ಮತ್ತು ಬೆಳವಣಿಗೆಯೇ ವಿಷಯ. ಹೆಂಗಸರು ಅದುವರೆಗೆ ಭಿತ್ತಿಚಿತ್ರ ಬರೆದೇ ಇರಲಿಲ್ಲ ಎಂದಲ್ಲ. ಅಮೆರಿಕದ ಗ್ರೀನ್‌ವುಡ್ ಸೋದರಿಯರು ಮೊರೇಲಿಯಾದಲ್ಲಿ, ರಾಜಧಾನಿಯ ಮಾರುಕಟ್ಟೆ ಕಟ್ಟಡದಲ್ಲಿ ಬರೆದಿದ್ದರು. ಅವ್ರೋರಾ ರೆಯೆಸ್ 1936ರಲ್ಲಿ ಶಾಲೆಯೊಂದರ ಗೋಡೆಗೆ ಬರೆದಿದ್ದಳು. ಆದರೆ ಶಾಲೆ, ಮಾರುಕಟ್ಟೆಯ ಗೋಡೆ ಬೇರೆ, ಅಧಿಕಾರದ ಮನೆಯ ಮೆಟ್ಟಿಲು ಬೇರೆ. ಅಂಥ ಮೆಟ್ಟಿಲುಗಳು ಮೂವರು ದೊಡ್ಡವರ ಸ್ವತ್ತು.

ಮರೀಯಾ ರೇಖಾಚಿತ್ರಗಳನ್ನು ಸಿದ್ಧ ಮಾಡಿಕೊಂಡಳು, ಸಾಮಾನು ತರಿಸಿದಳು, ಸಹಾಯಕರನ್ನು ಗೊತ್ತುಮಾಡಿಕೊಂಡಳು. ಅಷ್ಟರಲ್ಲಿ ಅಧಿಕಾರಿಗಳು ರಿವೆರಾ ಮತ್ತು ಸಿಕೇರೊಸರ ಅಭಿಪ್ರಾಯ ಕೇಳಿದರು. ಈಕೆಗೆ ಹಸಿಗಾರೆಯ ಮೇಲೆ ಬರೆದ ಅನುಭವ ಸಾಲದು ಎಂದು ಇಬ್ಬರೂ ಹೇಳಿದರು. ಕರಾರು ರದ್ದಾಯಿತು. ಬೇರೆ ಯಾವುದಾದರೂ ಸಣ್ಣ ಕಟ್ಟಡದಲ್ಲಿ ಬರೆಯಿರಿ ಎಂದರು. ಅವಳು ಒಪ್ಪಲಿಲ್ಲ.

ಅನುಭವದ ಆಕ್ಷೇಪದಲ್ಲಿ ಹುರುಳಿದೆಯೇ? ಹಸಿಗಾರೆಯ ಕೆಲಸ ಸುಲಭದ್ದಲ್ಲ ಎಂಬುದು ದಿಟ. ನೀರಿನಲ್ಲಿ ತಿಂಗಳುಗಟ್ಟಲೆ ಕಳಿತ ಸುಣ್ಣಕ್ಕೆ ಮರಳೋ ಅಮೃತಶಿಲೆಯ ಪುಡಿಯೋ ಕಲಸಿ ಗೋಡೆಗೆ ಪದರ ಪದರವಾಗಿ ಮೆತ್ತಬೇಕು. ಕೊನೆಯ ಪದರವನ್ನು ಆ ದಿನ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಬಳಿಯುವುದು. ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಅರೆದ ಬಣ್ಣ ಹಚ್ಚಬೇಕು. ಒಣಗುತ್ತ ಒಣಗುತ್ತ ಸುಣ್ಣ ಗಾಳಿಯೊಂದಿಗೆ ಕೂಡಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹೊತ್ತು ಮೀರಿತೋ, ಬಣ್ಣ ಮೇಲ್ಮೈಯಲ್ಲೇ ನಿಂತು ಉದುರುತ್ತದೆ. ತಪ್ಪಿದರೆ ಒರೆಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಮರುದಿನ ಹೊಸದಾಗಿ ಶುರುಮಾಡಬೇಕು. ಒಣಗಿದ ಮೇಲೆ ಬಣ್ಣ ತೆಳುವಾಗುತ್ತದೆ. ಎಷ್ಟು ತೆಳುವಾದೀತು ಎಂಬ ಅಂದಾಜು ಕೈಗೆ ಬರಲು ಗೋಡೆಯ ಮೇಲೆಯೇ ಪಳಗಬೇಕು.

ಸರಿ. ಹಾಗಾದರೆ ರಿವೆರಾ ಪಳಗಿದ್ದು ಎಲ್ಲಿ? ಇಟಲಿಯ ಹಳೆಯ ಭಿತ್ತಿಚಿತ್ರಗಳನ್ನು ನೋಡಿ ಬಂದಿದ್ದ, ನಿಜ. ಆದರೆ 1922ರಲ್ಲಿ ಬೊಲಿವಾರ್ ರಂಗಮಂದಿರದ ಗೋಡೆಗೆ ಅವನು ಬರೆದ ಮೊದಲ ಚಿತ್ರ ಹಸಿಗಾರೆಯದಲ್ಲ. ಮೇಣದಲ್ಲಿ ಬಣ್ಣ ಕಲಸಿ ಶಾಖದಿಂದ ಹಿಡಿಸುವ ಬೇರೊಂದು ವಿಧಾನದ್ದು. ಹಸಿಗಾರೆಯನ್ನು ಕಲಿತದ್ದು ಆಮೇಲೆ, ಶಿಕ್ಷಣ ಸಚಿವಾಲಯದ ಗೋಡೆಗಳ ಮೇಲೆ, ಸರ್ಕಾರದ ಖರ್ಚಿನಲ್ಲಿ, ಗಾರೆ ಬಲ್ಲ ಸಹಾಯಕರನ್ನು ಪಕ್ಕದಲ್ಲಿಟ್ಟುಕೊಂಡು. ಸಿಕೇರೊಸನಂತೂ ಆ ಹೊತ್ತಿಗೆ ಹಸಿಗಾರೆಯನ್ನೇ ಹಳತೆಂದು ಬದಿಗೊತ್ತಿ, ಕಾರುಗಳಿಗೆ ಹೊಡೆಯುವ ಕಾರ್ಖಾನೆ ಬಣ್ಣ ಮತ್ತು ಸ್ಪ್ರೇ ಗನ್‌ಗಳಿಗೆ ಕೈಹಾಕಿದ್ದ. ಗೋಡೆಯ ಅನುಭವ ಗೋಡೆ ಕೊಟ್ಟರಷ್ಟೇ ಬರುವುದು. ಕೊಡುವ ಕೈಗೆ ಅಡ್ಡ ನಿಂತವರು ಆ ಅನುಭವವನ್ನು ಗೋಡೆಯ ಮೇಲೆಯೇ ಗಳಿಸಿದವರು. ಸಿಕೇರೊಸ್ ‘ನಮ್ಮ ದಾರಿಯ ಹೊರತು ಬೇರೆ ದಾರಿಯಿಲ್ಲ’ ಎಂಬ ಹೆಸರಿನ ಪುಸ್ತಕ ತಂದದ್ದೂ ಅದೇ 1945ರಲ್ಲಿ.

ಮರೀಯಾ ಸುಮ್ಮನೆ ಕೂರಲಿಲ್ಲ. ಪತ್ರಿಕೆಗಳಲ್ಲಿ ಮೂವರ ಏಕಸ್ವಾಮ್ಯದ ಮೇಲೆ ಹರಿಹಾಯ್ದಳು. 1946ರಲ್ಲಿ ‘ಸಂಗೀತ’, ‘ದುರಂತ’ ಎಂಬ ಎರಡು ಫಲಕಗಳನ್ನು ಹಸಿಗಾರೆಯಲ್ಲೇ ಬರೆದು, ಬರುವುದಿಲ್ಲ ಎಂದವರ ಮುಂದಿಟ್ಟಳು. ಎತ್ತಿ ಬೇರೆಡೆ ಇಡಬಹುದಾದ ಫಲಕಗಳವು. ಕರಾರು ಮಾತ್ರ ಹಿಂತಿರುಗಲಿಲ್ಲ. ಬದಲಿಗೆ ಕೆಲವು ಗೆಳೆಯರು ದೂರವಾದರು, ಕೆಲವು ಬಾಗಿಲುಗಳು ಮುಚ್ಚಿದವು. ರಿವೆರಾ ವಿರುದ್ಧ ಮಾತಾಡಿದವರ ಬದುಕು ಆ ನಗರದಲ್ಲಿ ಸಲೀಸಾಗಿರುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ 1947ರಲ್ಲಿ ಬಂದದ್ದು ‘ಕನಸು ಮತ್ತು ಮುನ್ಸೂಚನೆ’. ಕಲ್ಲುಗೋಡೆಯ ಕಿಟಕಿಯಲ್ಲಿ ಮರೀಯಾ ನಿಂತಿದ್ದಾಳೆ. ಕಿಟಕಿಯಾಚೆಗೆ ಚಾಚಿದ ಕೈಯಲ್ಲಿ ಕತ್ತರಿಸಿದ ತಲೆ, ಅದೂ ಅವಳದೇ. ತಲೆಯ ಕೂದಲು ಮೇಲೆದ್ದು ಬೋಳು ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡಿದೆ. ಕಣ್ಣಿಂದ ನೀರು ಇಳಿಯುತ್ತಿದೆ. ದೂರದಲ್ಲಿ ತಲೆಯಿಲ್ಲದ ಮೈಗಳು ನಡೆದು ಹೋಗುತ್ತಿವೆ. ಹಿಡಿದಿರುವವಳ ಮುಖದಲ್ಲಿ ಗಾಬರಿಯಿಲ್ಲ. ಕನಸಿನಲ್ಲಿ ಕಂಡದ್ದನ್ನು ಎದ್ದು ಬರೆದೆ ಎಂದು ಅವಳು ಹೇಳಿಕೊಂಡಿದ್ದಳು. 1948ರ ಆರಂಭದಲ್ಲಿ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಕುಂಚ ಹಿಡಿಯುವ ಕೈಯೂ ಹೋಯಿತು. ಸಹಜವಾಗಿಯೇ ಜನ ಚಿತ್ರವನ್ನೂ ಕಾಯಿಲೆಯನ್ನೂ ಗಂಟುಹಾಕಿದರು. ಭವಿಷ್ಯ ಕಂಡಳೆನ್ನುವ ಮಾತಿನಲ್ಲಿ ನನಗೆ ಆಸಕ್ತಿಯಿಲ್ಲ. ಕರಾರು ಕಿತ್ತುಕೊಂಡ ಎರಡನೇ ವರ್ಷ, ಕೈಯಲ್ಲಿ ತಲೆ ಹಿಡಿದು ಕಿಟಕಿಯಲ್ಲಿ ನಿಂತ ಹೆಂಗಸನ್ನು ಅರ್ಥಮಾಡಿಕೊಳ್ಳಲು ಭವಿಷ್ಯವಾಣಿಯ ನೆರವು ಬೇಕಿಲ್ಲ.

ತಿಂಗಳುಗಟ್ಟಲೆ ನರಳಿ ಮತ್ತೆ ಕುಂಚ ಹಿಡಿದಳು. ಕೊನೆಯ ವರ್ಷಗಳ ಚಿತ್ರಗಳಲ್ಲಿ ಗೆರೆ ನಡುಗುತ್ತದೆ. ಹಳೆಯ ಪೀಠಗಳು, ಕಪಾಟುಗಳು, ಕುದುರೆಗಳು ಮತ್ತೆ ಬರುತ್ತವೆ, ಮೊದಲಿನ ಬಿಗಿಯಿಲ್ಲ. ಕೈಯಲ್ಲಿ ಹಣವಿಲ್ಲದೆ ಗೆಳೆಯರ ನೆರವಿನಲ್ಲಿ ದಿನ ನೂಕಿದಳು. ಚಿಲಿಯವನಾದ ಎರಡನೇ ಗಂಡ ರಾವುಲ್ ಉರೀಬೆ ಅವಳ ಚಿತ್ರಗಳ ವ್ಯವಹಾರವನ್ನೆಲ್ಲ ನೋಡಿಕೊಂಡಿದ್ದವನು. ಅವನೊಂದಿಗಿನ ಮದುವೆ 1953ರಲ್ಲಿ ಮುರಿಯಿತು. 1955ರ ಡಿಸೆಂಬರಿನಲ್ಲಿ ಮೆಕ್ಸಿಕೊ ನಗರದಲ್ಲಿ ತೀರಿಕೊಂಡಳು.

ಆಮೇಲೆ ಮೂರು ದಶಕ ಅವಳ ಹೆಸರು ಅಡಿಟಿಪ್ಪಣಿಗಳಲ್ಲಿ, ಬಹುತೇಕ ತಮಾಯೊನ ಅಡಿಟಿಪ್ಪಣಿಗಳಲ್ಲಿ, ಉಳಿಯಿತು. 1988ರಲ್ಲಿ ಮೆಕ್ಸಿಕೊ ನಗರದಲ್ಲಿ ದೊಡ್ಡ ಪುನರವಲೋಕನ ಪ್ರದರ್ಶನವಾದ ಮೇಲೆ, 1997ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಂದು ನಡೆದ ಮೇಲೆ ಪುಸ್ತಕಗಳು ಬರತೊಡಗಿದವು. 2002ರಲ್ಲಿ, ಅವಳು ಹುಟ್ಟಿದ ನೂರನೇ ವರ್ಷ, ಮೆಕ್ಸಿಕೊ ಸರ್ಕಾರ ಅವಳ ಸಮಸ್ತ ಕೃತಿಗಳನ್ನು ರಾಷ್ಟ್ರದ ಕಲಾಸ್ಮಾರಕ ಎಂದು ಘೋಷಿಸಿತು. ರಿವೆರಾ, ಒರೋಸ್ಕೊ, ಸಿಕೇರೊಸ್, ಫ್ರೀಡಾ ಅದಾಗಲೇ ಇದ್ದ ಪಟ್ಟಿ ಅದು. ಈ ಘೋಷಣೆ ಬರೀ ಬಿರುದಲ್ಲ, ಕಾನೂನು. ಪಟ್ಟಿಯಲ್ಲಿರುವವರ ಚಿತ್ರ ದೇಶದೊಳಗಿದ್ದರೆ ಪ್ರದರ್ಶನಕ್ಕೆಂದು ಅನುಮತಿ ಪಡೆದು ಹೊರಗೆ ಕಳಿಸಬಹುದು, ಮಾರಿ ಕಳಿಸುವಂತಿಲ್ಲ. ಮನೆ ಗೋಡೆಗೆ ಹಾಕಿಕೊಂಡ ಖಾಸಗಿ ಮಾಲೀಕರಿಗೂ ಇದು ಅನ್ವಯ. ಹೊರಜಗತ್ತಿನ ಹರಾಜುಗಳಲ್ಲಿ ಈಗ ಓಡಾಡುವುದು 2002ಕ್ಕೆ ಮೊದಲೇ ಗಡಿ ದಾಟಿದ ಚಿತ್ರಗಳು ಮಾತ್ರ. ಉಳಿದವನ್ನು ನೋಡಬೇಕೆಂದರೆ ಮೆಕ್ಸಿಕೊಗೇ ಹೋಗಬೇಕು. ‘ನನ್ನ ಸೋದರ ಸೊಸೆಯರು’ ಇರುವುದು ರಾಜಧಾನಿಯ ತಕೂಬಾ ಬೀದಿಯ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ. ‘ಕನಸು ಮತ್ತು ಮುನ್ಸೂಚನೆ’ ಖಾಸಗಿ ಒಡೆತನದಲ್ಲಿದೆ, ದೊಡ್ಡ ಪ್ರದರ್ಶನಗಳಿಗೆ ಎರವಲು ಕೊಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ.